ಜಿಲೇಬಿ ತಿಂದು ಮುನ್ನೂರು ಕಿಲೋಮೀಟರ್ ತುಳಿಯಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ತುಮಕೂರಿನಲ್ಲಿ ಬ್ಯಾಂಕ್ ಉದ್ಯೋಗ. ಎರಡು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. 200 ಕಿ.ಮೀ. ಬ್ರೆವೆ ಎರಡನ್ನು ಸಮಯದೊಳಗೆ ಮುಗಿಸಿದ್ದೇನೆ, ಮುಂದಿನ ತಿಂಗಳು 300ಕ್ಕೆ ಹೆಸರು ಕೊಟ್ಟಿದ್ದೇನೆ. ಮೊದಲ ಸಲ ದುಬಾರಿ ಎನರ್ಜಿ ಜೆಲ್‌ಗಳನ್ನು ಒಯ್ದಿದ್ದೆ. ನಾಲ್ಕನೆಯದಕ್ಕೆ ಹೊಟ್ಟೆ ತೊಳಸಿತು. ಜೊತೆಯವರೋ ದಾರಿಯುದ್ದಕ್ಕೂ ಜಿಲೇಬಿ, ಚಿಪ್ಸ್, ಬಜ್ಜಿ, ಕೋಲಾ, ಮೈಸೂರು ಪಾಕ್ ಎಂದು ಸಿಕ್ಕಿದ್ದನ್ನೆಲ್ಲ ತಿನ್ನುತ್ತಾರೆ. ಸೈಕಲ್ ತುಳಿಯುವವನಿಗೆ ಕಲ್ಲು ತಿಂದರೂ ಕರಗುತ್ತದೆ ಎನ್ನುವುದು ಅವರ ವಾದ. ಎರಡನೆಯ ಸಲ ನಾನೂ ಹಾಗೆಯೇ ತಿಂದೆ, ಚೆನ್ನಾಗಿಯೇ ಆಯಿತು. ಆದರೆ ನನ್ನ ಹೆಂಡತಿಯ ತಕರಾರು ಬೇರೆ: ಇಷ್ಟು ತುಳಿದರೂ ತೂಕ ಒಂದು ಕಿಲೋ ಏರಿದೆ, ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು, ಸೈಕಲ್ ನೆಪದಲ್ಲಿ ನಾನು ಚಪಲ ತೀರಿಸಿಕೊಳ್ಳುತ್ತಿದ್ದೇನೆ ಎನ್ನುತ್ತಾಳೆ. ಯಾರ ಮಾತು ಸರಿ?

ಉತ್ತರ: ಸೈಕಲ್ ಮೇಲೆ ಇರುವಷ್ಟು ಹೊತ್ತು ನಿಮ್ಮ ಗೆಳೆಯರ ಮಾತು ಮುಕ್ಕಾಲು ಪಾಲು ಸರಿ. ಇಳಿದ ಮೇಲೆ ನಿಮ್ಮ ಹೆಂಡತಿಯ ಮಾತು ಪೂರ್ತಿ ಸರಿ. ನಿಮ್ಮ ತೊಂದರೆ ಇರುವುದು ಈ ಎರಡರ ನಡುವಿನ ಗಡಿಯನ್ನು ನೀವು ಆಗಾಗ ಮರೆಯುವುದರಲ್ಲಿ. ವಾರದಲ್ಲಿ ಆರು ದಿನ ರೋಗಿಗಳಿಗೆ ಸಕ್ಕರೆ ಬಿಡಿ ಎಂದು ಗದರಿಸಿ, ಏಳನೆಯ ದಿನ ಜೆರ್ಸಿಯ ಬೆನ್ನಿನ ಜೇಬಿನಲ್ಲಿ ಕಡಲೆ ಮಿಠಾಯಿ ತುಂಬಿಕೊಂಡು ಹೊರಡುವ ಮನುಷ್ಯ ನಾನು. ಆದ್ದರಿಂದ ಎರಡೂ ಕಡೆಯ ವಕಾಲತ್ತು ವಹಿಸಬಲ್ಲೆ.

ಬ್ರೆವೆ ಎಂದರೇನೆಂದು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಅದರಲ್ಲಿ ಮೊದಲ ಸ್ಥಾನ, ಬಹುಮಾನ ಎಂಬುದಿಲ್ಲ. ಗೊತ್ತುಮಾಡಿದ ದಾರಿಯನ್ನು ಗೊತ್ತುಮಾಡಿದ ಹೊತ್ತಿನೊಳಗೆ ಸ್ವಂತ ಬಲದಿಂದ ಮುಗಿಸಬೇಕು, ಅಷ್ಟೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಹಿಂದೆ ಕಾರಿನಲ್ಲಿ ಊಟ ಹೊತ್ತು ತರುವವರು ಇರುವುದಿಲ್ಲ. ನಿಲ್ಲುವ ಊರಿನ ಗೂಡಂಗಡಿ, ಬೇಕರಿ, ದರ್ಶಿನಿಗಳೇ ಗತಿ. ಆದ್ದರಿಂದ ಏನು ತಿನ್ನಬೇಕು ಎಂಬ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯೂ ಹೌದು.

ಮೊದಲು ಲೆಕ್ಕ. ಎಪ್ಪತ್ತು ಕಿಲೋ ತೂಕದವರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ತುಳಿದರೆ ಗಂಟೆಗೆ ಸುಮಾರು 350ರಿಂದ 400 ಕ್ಯಾಲರಿ ಖರ್ಚಾಗುತ್ತದೆ. 300 ಕಿ.ಮೀ. ಎಂದರೆ ಹದಿನೈದು ಗಂಟೆಗಳ ತುಳಿತ. ಐದೂವರೆ ಸಾವಿರ ಕ್ಯಾಲರಿ ಮೀರುತ್ತದೆ. ಮೇಜಿನ ಮುಂದೆ ಕುಳಿತು ದುಡಿಯುವವರು ಎರಡೂವರೆ ದಿನದಲ್ಲಿ ತಿನ್ನುವಷ್ಟನ್ನು ನೀವು ಒಂದೇ ದಿನದಲ್ಲಿ ಸುಡುತ್ತೀರಿ.

ಇದನ್ನು ದೇಹ ಎರಡು ಕಡೆಯಿಂದ ತರುತ್ತದೆ. ಒಂದು ಕೊಬ್ಬಿನ ಕಣಜ. ತೆಳ್ಳಗಿರುವವರಲ್ಲೂ ಅದರಲ್ಲಿ ಹತ್ತಾರು ಸಾವಿರ ಕ್ಯಾಲರಿ ತುಂಬಿರುತ್ತದೆ, ಸಾಯಂಕಾಲದೊಳಗೆ ಮುಗಿಯುವ ಮಾತೇ ಇಲ್ಲ. ಆದರೆ ಕಣಜದಲ್ಲಿ ಭತ್ತ ಎಷ್ಟಿದ್ದರೇನು, ಕಿಂಡಿ ಚಿಕ್ಕದು. ಕೊಬ್ಬು ನಿಧಾನವಾಗಿ ಮಾತ್ರ ಹೊರಬರುತ್ತದೆ. ವೇಗ ಹೆಚ್ಚಿಸಿದಷ್ಟೂ, ಏರು ಹತ್ತಿದಷ್ಟೂ ಅದೊಂದೇ ಸಾಲದಾಗುತ್ತದೆ. ಇನ್ನೊಂದು ಗ್ಲೈಕೋಜೆನ್, ಅಂದರೆ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ. ಎರಡೂ ಸೇರಿ ಎರಡು ಸಾವಿರ ಕ್ಯಾಲರಿ. ಇದು ಕೈಯಲ್ಲಿರುವ ಚಿಲ್ಲರೆ ಕಾಸು. ಬೇಗ ಸಿಗುತ್ತದೆ, ಬೇಗ ಖಾಲಿಯಾಗುತ್ತದೆ. ರಕ್ತದಲ್ಲಿ ಯಾವ ಕ್ಷಣದಲ್ಲೇ ಆದರೂ ಓಡಾಡುತ್ತಿರುವ ಸಕ್ಕರೆ ಬರೀ ಐದು ಗ್ರಾಂ, ಒಂದು ಚಹಾ ಚಮಚದಷ್ಟು. ಮೆದುಳಿಗೆ ಬೇಕಾದದ್ದೂ ಅದರಿಂದಲೇ. ಯಕೃತ್ತಿನ ದಾಸ್ತಾನು ಬರಿದಾದರೆ ಈ ಒಂದು ಚಮಚಕ್ಕೂ ತತ್ವಾರ.

ಆಗ ಆಗುವುದನ್ನು ಸೈಕಲ್ಲಿನವರು ಬಾಂಕ್ ಎನ್ನುತ್ತಾರೆ. ಕೈ ನಡುಕ, ತಣ್ಣನೆಯ ಬೆವರು, ಕಣ್ಣಿಗೆ ಕತ್ತಲೆ, ವಿನಾಕಾರಣ ಸಿಟ್ಟು ಅಥವಾ ಅಳು. ಸೈಕಲ್ಲನ್ನು ಬೇಲಿಗೆ ಒರಗಿಸಿ ಮೈಲಿಗಲ್ಲಿನ ಮೇಲೆ ಕುಳಿತು, ನಾನು ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿಕೊಳ್ಳುವ ಸ್ಥಿತಿ. ಅದನ್ನು ಒಮ್ಮೆ ಅನುಭವಿಸಿದವರು ಗೂಡಂಗಡಿಯ ಗಾಜಿನ ಭರಣಿಗಳನ್ನು ಮತ್ತೆಂದೂ ತಾತ್ಸಾರದಿಂದ ನೋಡುವುದಿಲ್ಲ.

ಸಕ್ಕರೆಯ ವಿಚಾರಕ್ಕೆ ಬರುತ್ತೇನೆ. ನೀವು ಸೋಫಾದ ಮೇಲೆ ಕುಳಿತು ಜಿಲೇಬಿ ತಿಂದರೆ ಸಕ್ಕರೆ ರಕ್ತಕ್ಕೆ ನುಗ್ಗುತ್ತದೆ, ಇನ್ಸುಲಿನ್ ಏರುತ್ತದೆ, ಖರ್ಚಿಲ್ಲದ ಸಕ್ಕರೆ ದಾಸ್ತಾನಿಗೆ ಹೋಗುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಕೊನೆಗೆ ಕೊಬ್ಬು. ಆರನೆಯ ಗಂಟೆಯ ತುಳಿತದಲ್ಲಿ ಅದೇ ಜಿಲೇಬಿ ತಿಂದಾಗ ನಡೆಯುವುದು ಬೇರೆ ಕಥೆ. ದುಡಿಯುತ್ತಿರುವ ಸ್ನಾಯು ಸಕ್ಕರೆಯನ್ನು ಒಳಗೆಳೆದುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ಸ್ನಾಯು ಸಂಕುಚಿಸುವುದೇ ಬಾಗಿಲು ತೆರೆಯುವ ಸಂಕೇತ. ಇತ್ತ ಅಡ್ರಿನಲಿನ್ ಇನ್ಸುಲಿನ್ನನ್ನು ತಗ್ಗಿಸಿಟ್ಟಿರುತ್ತದೆ. ತಿಂದದ್ದು ಸಾಲಾಗಿ ಒಲೆಗೆ ಹೋಗುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಹೀರಿಕೊಳ್ಳಬಲ್ಲದು. ಅದರ ಬಾಗಿಲು ಅಷ್ಟೇ ಅಗಲ. ಫ್ರಕ್ಟೋಸಿಗೆ ಬೇರೆ ಬಾಗಿಲಿದೆ. ಎರಡನ್ನೂ ಬೆರೆಸಿ ಕೊಟ್ಟರೆ ಗಂಟೆಗೆ 90 ಗ್ರಾಂವರೆಗೆ ಹೋಗಬಹುದು. ಕ್ರೀಡಾ ಪಾನೀಯದ ಕಂಪನಿಗಳು ಈ ಮಿಶ್ರಣವನ್ನು ದೊಡ್ಡ ಅಕ್ಷರಗಳಲ್ಲಿ ಪೊಟ್ಟಣದ ಮೇಲೆ ಹಾಕಿಕೊಳ್ಳುತ್ತವೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಸಕ್ಕರೆ ಹುಟ್ಟಿನಿಂದಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲವೂ ಬಹುಪಾಲು ಅದೇ. ರಾಮನವಮಿಯ ಪಾನಕಕ್ಕೆ ಚಿಟಿಕೆ ಉಪ್ಪು ಸೇರಿಸಿದರೆ ನಿಮ್ಮ ಬಾಟಲಿಗೆ ಬೇಕಾದದ್ದು ಬಹುತೇಕ ಸಿದ್ಧ.

ನಿಮ್ಮ ಮಟ್ಟದ ತುಳಿತಕ್ಕೆ 90 ಗ್ರಾಂ ಬೇಕಿಲ್ಲ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಅದರಿಂದ ಖರ್ಚಿನ ಅರ್ಧದಷ್ಟು ಮಾತ್ರ ತುಂಬುತ್ತದೆ. ಉಳಿದರ್ಧ ಕೊಬ್ಬಿನ ಕಣಜದಿಂದ ಬರಲಿ, ಅದಕ್ಕೇ ಅದು ಇರುವುದು. ಖರ್ಚಾದ ಪ್ರತಿ ಕ್ಯಾಲರಿಯನ್ನೂ ತಿಂದು ತುಂಬಿಸುತ್ತೇನೆ ಎಂದು ಹೊರಟವರು ನೂರನೆಯ ಕಿಲೋಮೀಟರಿಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ.

ಹಾಗಾದರೆ ಮಿಠಾಯಿಗೂ ಜೆಲ್ಲಿಗೂ ವ್ಯತ್ಯಾಸವೇ ಇಲ್ಲವೇ? ಸ್ನಾಯುವಿನ ಮಟ್ಟಿಗೆ ಬಹಳ ಕಡಿಮೆ. ಅಮೆರಿಕದ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದವರು 2012ರಲ್ಲಿ 75 ಕಿ.ಮೀ. ತುಳಿತಕ್ಕೆ ಬಾಳೆಹಣ್ಣನ್ನೂ ಕ್ರೀಡಾ ಪಾನೀಯವನ್ನೂ ಹೋಲಿಸಿದರು. ಹೊತ್ತು ಎರಡರಲ್ಲೂ ಒಂದೇ. ಇಲಿನಾಯ್ ವಿಶ್ವವಿದ್ಯಾಲಯದವರು 2019ರಲ್ಲಿ ಹನ್ನೆರಡು ಸವಾರರಿಗೆ ಬೇಯಿಸಿ ಕಿವುಚಿದ ಆಲೂಗಡ್ಡೆ ಕೊಟ್ಟು ಜೆಲ್ ಜೊತೆ ತೂಗಿ ನೋಡಿದರು. ಫಲ ಅದೇ, ಆಲೂಗಡ್ಡೆ ತಿಂದವರಿಗೆ ಹೊಟ್ಟೆ ಉಬ್ಬರ ಸ್ವಲ್ಪ ಹೆಚ್ಚು. ನಿಮ್ಮ ಗೆಳೆಯರು ಕುಣಿದಾಡುವಂಥದ್ದು ಮೊಂಟಾನಾ ವಿಶ್ವವಿದ್ಯಾಲಯದ 2015ರ ಅಧ್ಯಯನ. ಹನ್ನೊಂದು ಸವಾರರನ್ನು ತೊಂಬತ್ತು ನಿಮಿಷ ದಣಿಸಿ, ಒಮ್ಮೆ ಕ್ರೀಡಾ ಪೂರಕಗಳನ್ನೂ ಇನ್ನೊಮ್ಮೆ ಬರ್ಗರ್, ಪ್ಯಾನ್‌ಕೇಕ್, ಕರಿದ ಆಲೂಗಡ್ಡೆಯನ್ನೂ ತಿನ್ನಿಸಿ, ನಾಲ್ಕು ಗಂಟೆಗಳ ವಿಶ್ರಾಂತಿಯ ನಂತರ 20 ಕಿ.ಮೀ. ಓಡಿಸಿದರು. ಸ್ನಾಯುಗಳಲ್ಲಿ ಗ್ಲೈಕೋಜೆನ್ ತುಂಬಿಕೊಂಡ ಪ್ರಮಾಣದಲ್ಲಾಗಲಿ, ಓಟದ ಹೊತ್ತಿನಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಬರ್ಗರ್ ಅಂಗಡಿಗೆ ಧಾವಿಸುವ ಮೊದಲು ಗಮನಿಸಿ: ಕೊಟ್ಟದ್ದು ಅಳೆದು ತೂಗಿದ ಸಣ್ಣ ಪಾಲು, ಕೊಟ್ಟದ್ದು ಸುಸ್ತಾದ ಮೇಲಿನ ವಿಶ್ರಾಂತಿಯಲ್ಲಿ, ನೋಡಿದ್ದು ಒಂದು ದಿನದ ಫಲ. ಹತ್ತು ವರ್ಷ ಹಾಗೆ ತಿಂದರೆ ರಕ್ತನಾಳಕ್ಕೆ ಏನಾಗುತ್ತದೆ ಎಂಬುದು ಆ ಅಧ್ಯಯನದ ಪ್ರಶ್ನೆಯೇ ಅಲ್ಲ.

ನಿಮ್ಮ ಜೆಲ್ಲಿನ ಅನುಭವದ ಬಗ್ಗೆ ಒಂದು ಅನುಮಾನ ಹೇಳಲೇ? ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 22ರಿಂದ 25 ಗ್ರಾಂ ಸಕ್ಕರೆ ಗಟ್ಟಿ ಪಾಕದಂತಿರುತ್ತದೆ. ಅದರ ಮೇಲೆ ಸಾಕಷ್ಟು ನೀರು ಕುಡಿಯದಿದ್ದರೆ ದೇಹವೇ ಕರುಳಿಗೆ ನೀರು ಸುರಿದು ಅದನ್ನು ತೆಳುವಾಗಿಸಬೇಕಾಗುತ್ತದೆ. ಹೊಟ್ಟೆ ತೊಳಸುವುದು ಅದರಿಂದ. ಕೋಲಾದೊಂದಿಗೆ ಜೆಲ್ ಸೇರಿಸಿದವರಿಗೂ ಇದೇ ಪಾಡು. ತಪ್ಪು ಜೆಲ್ಲಿನದು ಎನ್ನುವುದಕ್ಕಿಂತ ನೀರಿನದು. ಆದರೂ ದುಡ್ಡಿನ ದೃಷ್ಟಿಯಿಂದ ನಾನು ಅದನ್ನು ಒತ್ತಾಯಿಸುವುದಿಲ್ಲ. ಬೇಕರಿಯ ಒಂದು ಸಾದಾ ಬನ್ನಿನಲ್ಲಿ ಹೆಚ್ಚುಕಡಿಮೆ 30 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ.

ಈಗ ಗೆಳೆಯರ ಮಾತಿನಲ್ಲಿ ತಪ್ಪಾಗಿರುವ ಕಾಲು ಪಾಲು. ಜಂಕ್ ಎಂದು ಒಂದೇ ಹೆಸರಿನಲ್ಲಿ ಕರೆಯುವ ತಿಂಡಿಗಳಲ್ಲಿ ಎರಡು ಬೇರೆ ಬೇರೆ ಜಾತಿಗಳಿವೆ. ಒಂದು ಸಕ್ಕರೆ ಮತ್ತು ಹಿಟ್ಟಿನದು, ಇನ್ನೊಂದು ಜಿಡ್ಡಿನದು. ಮನೆಯಲ್ಲಿ ಕುಳಿತವರಿಗೆ ಎರಡೂ ಕೆಟ್ಟವು. ಸೈಕಲ್ ಮೇಲಿರುವವರಿಗೆ ಮೊದಲನೆಯದು ಇಂಧನ, ಎರಡನೆಯದು ಹೊರೆ. ಜಿಡ್ಡು ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ತುಳಿಯುವಾಗ ರಕ್ತ ಕಾಲುಗಳಿಗೂ, ಬಿಸಿಲಿದ್ದರೆ ಚರ್ಮಕ್ಕೂ ಹರಿಯುವುದರಿಂದ ಹೊಟ್ಟೆಯ ಪಾಲಿಗೆ ಕಡಿಮೆ ಉಳಿಯುತ್ತದೆ. ಅಂಥ ಹೊಟ್ಟೆಗೆ ಎಣ್ಣೆ ಕುಡಿದ ಬೋಂಡಾ ಕಳಿಸಿದರೆ ಅದು ಅಲ್ಲಿಯೇ ಠಿಕಾಣಿ ಹೂಡುತ್ತದೆ. ಅದರ ಕೊಬ್ಬು ನಿಮ್ಮ ಸ್ನಾಯುವನ್ನು ತಲುಪುವ ಹೊತ್ತಿಗೆ ನೀವು ಮನೆ ತಲುಪಿರುತ್ತೀರಿ. ಅಲ್ಲದೆ ಕೊಬ್ಬು ನಿಮ್ಮ ಬಳಿ ಈಗಾಗಲೇ ಬೇಕಾದಷ್ಟಿದೆಯಲ್ಲ.

ಇದನ್ನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನನ್ನ ಮೊದಲ 400 ಕಿ.ಮೀ.ಯಲ್ಲಿ ಸಂಜೆ ಹಿರಿಯೂರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿ ಎತ್ತುತ್ತಿದ್ದರು. ಬೆಳಗಿನಿಂದ ಸಿಹಿ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತ್ತು. ನಾಲ್ಕು ತಿಂದೆ. ನಾಲ್ಕೂ ಅಮೃತ. ಒಂದು ಗಂಟೆಯ ನಂತರ ಎದುರುಗಾಳಿ, ಎದೆಯುರಿ, ಪ್ರತಿ ತುಳಿತಕ್ಕೂ ಗಂಟಲಿಗೆ ಬರುವ ಹುಳಿತೇಗು. ಕತ್ತಲಲ್ಲಿ ಒಂದು ಮೋರಿಯ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಅಂಗಾತ ಮಲಗಿದ್ದೆ. ಹಾದುಹೋದ ಲಾರಿಯೊಂದು ನಿಂತು, ಚಾಲಕರು ಇಳಿದು ಬಂದು ಜೀವ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿದರು. ವೈದ್ಯನೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಶಿಕ್ಷಕ ಎಂದುಬಿಟ್ಟೆ.

ಈ ಕಣ್ಣಿನಿಂದ ನಿಮ್ಮ ಗೆಳೆಯರ ಬುಟ್ಟಿಯನ್ನು ಮತ್ತೊಮ್ಮೆ ನೋಡಿ. ಜಿಲೇಬಿ ಕರಿದದ್ದಾದರೂ ಬಹುಪಾಲು ಮೈದಾ ಮತ್ತು ಸಕ್ಕರೆ ಪಾಕ. ಒಂದೆರಡು ಸುರುಳಿ ಧಾರಾಳವಾಗಿ ನಡೆಯುತ್ತದೆ, ಅಂಟು ಕೈಯಿಂದ ಹ್ಯಾಂಡಲ್ ಹಿಡಿಯುವುದೊಂದೇ ಫಜೀತಿ. ಮೈಸೂರು ಪಾಕ್ ಹೆಸರಿಗೆ ಸಿಹಿ, ವಾಸ್ತವದಲ್ಲಿ ತುಪ್ಪ. ಬಾಯಲ್ಲಿ ಕರಗುವ ಬಗೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಲರಿ ಕೊಬ್ಬಿನಿಂದಲೇ ಬರುತ್ತದೆ. ಅದು ದಾರಿಯ ತಿಂಡಿಯಲ್ಲ. ಚಿಪ್ಸಿನ ಐವತ್ತು ಗ್ರಾಂ ಪೊಟ್ಟಣದಲ್ಲಿ ಹದಿನೇಳು ಗ್ರಾಂ ಕೊಬ್ಬಿರುತ್ತದೆ. ಆದರೂ ಉಪ್ಪಿಗಾಗಿ, ಕುರುಕಲಿಗಾಗಿ ಒಂದು ಹಿಡಿ ತಿಂದರೆ ತಕರಾರಿಲ್ಲ. ಕೋಲಾ 250 ಮಿ.ಲೀ.ನಲ್ಲಿ ಸುಮಾರು 27 ಗ್ರಾಂ ಸಕ್ಕರೆ, ಜೊತೆಗೆ ಅಷ್ಟಿಷ್ಟು ಕೆಫೀನ್. ಮನೆಯಲ್ಲಿ ಅದನ್ನು ಮುಟ್ಟದ ನಾನು 150ನೆಯ ಕಿ.ಮೀ.ಯ ನಂತರ ಅದಕ್ಕೆ ಕೈಮುಗಿಯುತ್ತೇನೆ. ಅಲುಗಾಡಿಸಿ ಗ್ಯಾಸ್ ಬಿಟ್ಟು ಕುಡಿಯಿರಿ. ಫ್ರಾನ್ಸಿನ ದೊಡ್ಡ ಪಂದ್ಯಗಳಲ್ಲಿ ವೃತ್ತಿಪರ ಸವಾರರು ಕೊನೆಯ ಗಂಟೆಯಲ್ಲಿ ಪುಟ್ಟ ಕೋಲಾ ಡಬ್ಬಿ ಎತ್ತುವುದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ಅವರ ಬುಟ್ಟಿಯಲ್ಲಿ ಇಲ್ಲದ, ಆದರೆ ಇರಬೇಕಾದ ಕೆಲವನ್ನು ಹೇಳುತ್ತೇನೆ. ಗ್ಲೂಕೋಸ್ ಬಿಸ್ಕತ್ತು: ನೂರು ಗ್ರಾಂನಲ್ಲಿ ಮುಕ್ಕಾಲು ಭಾಗ ಕಾರ್ಬೋಹೈಡ್ರೇಟ್, ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಚಹಾಕ್ಕೆ ಅದ್ದಿದರೆ ಒಣಗಿದ ಗಂಟಲಲ್ಲೂ ಇಳಿಯುತ್ತದೆ. ಕಡಲೆ ಮಿಠಾಯಿಯಲ್ಲಿ ಬೆಲ್ಲವೂ ಇದೆ, ಶೇಂಗಾದ ಕೊಬ್ಬೂ ಇದೆ. ಆದ್ದರಿಂದ ಅದು ನಿಧಾನದ ಇಂಧನ, ಮೊದಲ ಅರ್ಧಕ್ಕೆ ಒಳ್ಳೆಯದು. ಗೋಕಾಕದ ಕರದಂಟನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಅಂಟು, ಒಣಹಣ್ಣು, ಬೆಲ್ಲ ಸೇರಿದ ಅದರ ಪುಟ್ಟ ಚೂರು ಬಹಳ ದೂರ ಒಯ್ಯುತ್ತದೆ. ದೊಡ್ಡ ಚೂರು ಹೊಟ್ಟೆಯಲ್ಲಿ ಇಟ್ಟಿಗೆಯಾಗುತ್ತದೆ. ಏಲಕ್ಕಿ ಬಾಳೆ ಜೇಬಿನಲ್ಲಿ ಜಜ್ಜಿಹೋಗುತ್ತದೆ ಎಂಬುದೊಂದನ್ನು ಬಿಟ್ಟರೆ ಬೇರೆ ದೋಷವಿಲ್ಲ. ಖರ್ಜೂರಕ್ಕೆ ಆ ದೋಷವೂ ಇಲ್ಲ. ಕಬ್ಬಿನ ಹಾಲು ದೊಡ್ಡ ಲೋಟಕ್ಕೆ 30 ಗ್ರಾಂಗೂ ಮೇಲೆ ಸಕ್ಕರೆ ಕೊಡುತ್ತದೆ. ಐಸ್ ಹಾಕಿಸಿಕೊಳ್ಳಬೇಡಿ, ಆ ಐಸ್ ಎಲ್ಲಿಯ ನೀರಿನದೋ ಯಾರು ಬಲ್ಲರು. ಹನಿಕೇಕ್, ದಿಲ್‌ಪಸಂದ್ ಸಿಕ್ಕರೆ ನನ್ನ ಮಾತು ಮರೆತು ಒಂದು ತುಂಡು ತಿನ್ನಿ. ಪಫ್ಸ್ ಬೇಡ, ಅದು ವನಸ್ಪತಿಯ ಪದರಪದರ.

ನಿಜವಾಗಿ ಚಪಲದ ತಿಂಡಿಯ ದೊಡ್ಡ ಗುಣ ಸಕ್ಕರೆಯೂ ಅಲ್ಲ, ಉಪ್ಪೂ ಅಲ್ಲ. ತಿನ್ನಬೇಕೆನಿಸುವುದೇ ಅದರ ಗುಣ. ಎಂಟು ಹತ್ತು ಗಂಟೆ ತುಳಿದ ಮೇಲೆ ಹಸಿವು ಸಾಯುತ್ತದೆ. ಜೇಬಿನಲ್ಲಿ ಆಹಾರವಿರುತ್ತದೆ, ತಿನ್ನಬೇಕೆಂದು ಗೊತ್ತಿರುತ್ತದೆ, ಆದರೆ ಕೈ ಹೋಗುವುದಿಲ್ಲ. ಒಂದೇ ರುಚಿಯ ಆರನೆಯ ಪೊಟ್ಟಣವನ್ನು ನೆನೆದರೇ ವಾಕರಿಕೆ. ಆಗ ಯಾವುದು ಗಂಟಲಲ್ಲಿ ಇಳಿಯುತ್ತದೋ ಅದೇ ಒಳ್ಳೆಯ ಆಹಾರ. ಇಳಿಯದ ಸಮತೋಲನ ಆಹಾರದಿಂದ ಯಾರಿಗೂ ಉಪಕಾರವಿಲ್ಲ. ಸಿಹಿ ಸಾಕೆನಿಸಿದ ಗಳಿಗೆಯಲ್ಲಿ ಉಪ್ಪು ಹುಳಿಯ ಕಡೆಗೆ ತಿರುಗಬೇಕು. ಒಂದು ತಟ್ಟೆ ಮೊಸರನ್ನ, ಉಪ್ಪಿನಕಾಯಿಯ ಒಂದು ಹೋಳು, ಮಂಡಕ್ಕಿ, ಚಿತ್ರಾನ್ನ, ಬಿಸಿ ಇಡ್ಲಿ. ಬಿಡದಿಯ ಕಡೆ ಹೋದರೆ ತಟ್ಟೆ ಇಡ್ಲಿ ತಿನ್ನಿ, ಮೇಲಿನ ಬೆಣ್ಣೆಯನ್ನು ಅರ್ಧ ತೆಗೆಸಿ. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗಲಾಗದವರು ಒಂದನ್ನು ಮಾತ್ರ ತಿಂದು, ಮುಂದಿನ ಅರ್ಧ ಗಂಟೆ ಮೆಲ್ಲಗೆ ತುಳಿಯಲಿ. ನಿಧಾನವಾಗಿ ತುಳಿದಷ್ಟೂ ಹೊಟ್ಟೆಗೆ ರಕ್ತ ಹೆಚ್ಚು ಸಿಗುತ್ತದೆ, ಹೊಟ್ಟೆ ಸಹಿಸುವುದೂ ಹೆಚ್ಚು. ನಿಮ್ಮ ಗೆಳೆಯರಿಗೆ ಬಜ್ಜಿ ಅರಗುತ್ತಿದ್ದರೆ ಅದಕ್ಕೆ ಅವರ ಜೀರ್ಣಶಕ್ತಿ ಎಷ್ಟು ಕಾರಣವೋ ಅವರ ವೇಗವೂ ಅಷ್ಟೇ ಕಾರಣ.

ಸೈಕಲ್ಲಿಗೂ ಸಿಹಿತಿಂಡಿಗೂ ನಂಟು ಹಳೆಯದು. ಬ್ರೆವೆಗಳ ಮೂಲಪೀಠವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1891ರಲ್ಲಿ ಪಂದ್ಯವಾಗಿ ಶುರುವಾಯಿತು. ಸುಮಾರು 1,200 ಕಿ.ಮೀ. ದೂರವನ್ನು ಶಾರ್ಲ್ ತೆರಾಂ 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿ ಗೆದ್ದರು. ಪ್ಯಾರಿಸ್ ಬಳಿಯ ಮೇಝೋಂ-ಲಾಫಿತ್ ಎಂಬ ಊರಿನ ಲೂಯಿ ದ್ಯುರಾಂ ಎಂಬ ಬೇಕರಿಯವರು 1910ರಲ್ಲಿ ಈ ಓಟದ ಗೌರವಾರ್ಥ ಗಾಲಿಯ ಆಕಾರದ ಪೇಸ್ಟ್ರಿಯೊಂದನ್ನು ಮಾಡಿದರು. ಅದರ ಹೆಸರೇ ಪ್ಯಾರಿಸ್–ಬ್ರೆಸ್ಟ್. ಒಳಗೆ ಬಾದಾಮಿ ಜಾತಿಯ ಬೀಜಗಳ ಬೆಣ್ಣೆ ತುಂಬಿದ ಕ್ರೀಮ್. ತಮಾಷೆಯೆಂದರೆ, ಸೈಕಲ್ ಓಟದ ಹೆಸರು ಹೊತ್ತ ಆ ತಿಂಡಿಯೇ ಓಟದ ನಡುವೆ ತಿನ್ನಲು ಲಾಯಕ್ಕಲ್ಲ, ಅಷ್ಟು ಜಿಡ್ಡು. ಈಗ ನಾಲ್ಕು ವರ್ಷಗಳಿಗೊಮ್ಮೆ, ಗರಿಷ್ಠ 90 ಗಂಟೆಗಳ ಗಡುವಿನೊಂದಿಗೆ ಅದು ನಡೆಯುತ್ತದೆ. ನಮ್ಮವರೂ ಹೋಗಿ ಬರುತ್ತಾರೆ. ಹಳ್ಳಿಯವರು ಮನೆಯ ಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ, ಕ್ರೆಪ್ ಎಂಬ ತೆಳ್ಳಗಿನ ಸಿಹಿ ದೋಸೆ ಕೊಡುತ್ತಾರೆ. ಆ ದೋಸೆ ನಿಜಕ್ಕೂ ಒಳ್ಳೆಯ ಇಂಧನ. ನಮ್ಮ ಬೆಲ್ಲದ ದೋಸೆಯೂ ಅದೇ ವರ್ಗ.

ನೀರು, ಉಪ್ಪು. ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ನೀವು ಕೇಳಿಲ್ಲ. ಆದರೆ ಬಿಡಲಾರೆ, ಏಕೆಂದರೆ ಆಸ್ಪತ್ರೆ ಸೇರುವವರು ತಿಂಡಿಯಿಂದ ಸೇರುವುದಿಲ್ಲ, ಇದರಿಂದ ಸೇರುತ್ತಾರೆ. ಹವೆಗೆ ತಕ್ಕಂತೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಇಡೀ ದಿನ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರಬಹುದು; ವಿಪರೀತಕ್ಕೆ ಹೋದರೆ ಜೀವಕ್ಕೆ ಅಪಾಯ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಆದ್ದರಿಂದ ಅದನ್ನೇ ನಂಬಬೇಡಿ. ಉಪ್ಪು ಹಾಕಿದ ನೀರುಮಜ್ಜಿಗೆ, ಉಪ್ಪು ಸಕ್ಕರೆಯ ನಿಂಬೆ ಸೋಡಾ ಉತ್ತಮ. ಬಾಟಲಿಗೆ ಮನೆಯಲ್ಲೇ ಮಾಡಿಕೊಳ್ಳುವುದಾದರೆ ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಕಾಲು ಚಹಾ ಚಮಚ ಉಪ್ಪು, ಒಂದು ನಿಂಬೆಹಣ್ಣು.

ಮುಂದಿನ ತಿಂಗಳ ನಿಮ್ಮ 300ಕ್ಕೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಹಿಂದಿನ ರಾತ್ರಿ ಅನ್ನ ಸಾರು, ಹೆಚ್ಚು ಸೊಪ್ಪು ಕಾಳು ಬೇಡ. ನಾರಿನಂಶ ಒಳ್ಳೆಯದೇ, ಆ ದಿನಕ್ಕೆ ಮಾತ್ರ ಬೇಡ. ಹೊರಡುವ ಎರಡು ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ. ಹೊರಡುವ ಅರ್ಧ ಗಂಟೆ ಮೊದಲು ಸಿಹಿ ತಿನ್ನುವುದು ಕೆಲವರಿಗೆ ಆಗಿಬರುವುದಿಲ್ಲ. ಇನ್ಸುಲಿನ್ ಏರಿರುವಾಗಲೇ ತುಳಿತ ಶುರುವಾಗಿ ಸಕ್ಕರೆ ಇಳಿದುಬಿಡುತ್ತದೆ. ಮೊದಲ ಏರು ಹತ್ತಿದ ಮೇಲೆ ಶುರುಮಾಡಿ. ನಂತರ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ತುತ್ತು, ಹಸಿವಾಗಲಿ ಬಿಡಲಿ. ಗಡಿಯಾರದಲ್ಲಿ ಗಂಟೆ ಹೊಡೆಯುವಂತೆ ಇಟ್ಟುಕೊಳ್ಳಿ, ಮೊದಲ ನಾಲ್ಕು ಗಂಟೆಗಳ ಉತ್ಸಾಹದಲ್ಲಿ ಎಲ್ಲರೂ ಮರೆಯುತ್ತಾರೆ. ಬೆಳಗಿನ ಹೊತ್ತು ಕಡಲೆ ಮಿಠಾಯಿ, ಬಾಳೆಹಣ್ಣು, ಬನ್. ಮಧ್ಯಾಹ್ನ ಕುಳಿತು ಒಂದು ಅನ್ನದ ತಟ್ಟೆ, ಅರ್ಧ ಹೊಟ್ಟೆ. ಬಿಸಿಲಿನ ಹೊತ್ತು ದ್ರವರೂಪದ ಸಕ್ಕರೆಯೇ ವಾಸಿ. ಕೊನೆಯ ನೂರು ಕಿ.ಮೀ.ಯಲ್ಲಿ ನಿಯಮಗಳನ್ನು ಬಿಟ್ಟು ನಾಲಿಗೆಯನ್ನು ಕೇಳಿ. ಕತ್ತಲಾದ ಮೇಲೆ ಒಂದು ಲೋಟ ಫಿಲ್ಟರ್ ಕಾಫಿ. ಇವೆಲ್ಲವನ್ನೂ ಬ್ರೆವೆಯ ದಿನ ಮೊದಲ ಬಾರಿಗೆ ಪರೀಕ್ಷಿಸಬೇಡಿ. ತುಳಿಯುತ್ತ ತಿನ್ನುವುದನ್ನು ಕರುಳೂ ಅಭ್ಯಾಸದಿಂದ ಕಲಿಯುತ್ತದೆ. ಬರುವ ಎರಡು ಮೂರು ಭಾನುವಾರಗಳ ನೂರು ಕಿ.ಮೀ.ಗಳಲ್ಲಿ ಅದನ್ನು ಪಳಗಿಸಿ.

ಇನ್ನು ನಿಮ್ಮ ಮನೆಯವರ ಪಕ್ಷ. ತೂಕ ಏರಿದ್ದು ಬ್ರೆವೆಯಲ್ಲಿ ತಿಂದ ಜಿಲೇಬಿಯಿಂದ ಅಲ್ಲವೇ ಅಲ್ಲ. ಆ ದಿನ ನೀವು ಎಷ್ಟು ತಿಂದರೂ ಲೆಕ್ಕ ಸಾವಿರಾರು ಕ್ಯಾಲರಿ ಕೊರತೆಯಲ್ಲೇ ಮುಗಿದಿರುತ್ತದೆ. ನನ್ನ ಊಹೆ ಹೀಗಿದೆ: ಮಂಗಳವಾರ ಬೆಳಿಗ್ಗೆ ನೀವು ಇಪ್ಪತ್ತು ಕಿ.ಮೀ. ತುಳಿದು ಬರುತ್ತೀರಿ, ಖರ್ಚು ಮುನ್ನೂರೈವತ್ತು ಚಿಲ್ಲರೆ ಕ್ಯಾಲರಿ. ಹಿಂತಿರುಗುವಾಗ ಗುಂಪಿನೊಂದಿಗೆ ಒಂದು ಬೆಣ್ಣೆ ಮಸಾಲೆ ದೋಸೆ, ಒಂದು ವಡೆ, ಸಕ್ಕರೆ ಹಾಕಿದ ಕಾಫಿ. ಗಳಿಸಿದ್ದಕ್ಕಿಂತ ಖರ್ಚು ಹೆಚ್ಚಿದಾಗ ಏನೆನ್ನುತ್ತಾರೆ ಎಂದು ಬ್ಯಾಂಕಿನವರಿಗೆ ನಾನು ಹೇಳಬೇಕಿಲ್ಲ. ಇಲ್ಲಿ ಅದು ತಿರುಗುಮುರುಗು, ಅಷ್ಟೆ. ಒಂದೂಕಾಲು ಗಂಟೆಯೊಳಗಿನ ತುಳಿತಕ್ಕೆ ನೀರು ಬಿಟ್ಟು ಏನೂ ಬೇಡ. ಸ್ನಾಯುವಿನಲ್ಲಿರುವುದೇ ಸಾಕು. ಬ್ರೆವೆ ಮುಗಿದ ಮರುದಿನವೂ, ಅದರ ಮರುದಿನವೂ 'ನಿನ್ನೆ ಇನ್ನೂರು ತುಳಿದಿದ್ದೇನೆ' ಎಂಬ ಸಬೂಬಿನಲ್ಲಿ ಸಿಹಿ ಮುಂದುವರಿಯುವುದೂ ಇದೇ ಬಾಬ್ತು. ಮುಗಿಸಿದ ಎರಡು ಗಂಟೆಗಳೊಳಗೆ ಅನ್ನ, ಬೇಳೆ, ಮೊಸರು ಅಥವಾ ಮೊಟ್ಟೆ ಇರುವ ಒಂದು ಒಳ್ಳೆಯ ಊಟ ಮಾಡಿ. ಅಲ್ಲಿಗೆ ರಜೆ ಮುಗಿಯಿತು.

ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತೆಂದರೆ ನಿಮಗೂ ಬರುವ ಸಂಭವ ಹೆಚ್ಚು. ಸೈಕಲ್ ಅದನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆಯನ್ನೂ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿಯನ್ನೂ ಮಾಡಿಸಿ. ಈ ಉತ್ತರವನ್ನು ಓದುತ್ತಿರುವವರಲ್ಲಿ ಈಗಾಗಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವ ಸೈಕಲ್ ಸವಾರರಿದ್ದರೆ, ಅವರಿಗೆ ಮೇಲೆ ಹೇಳಿದ ಗ್ರಾಂ ಲೆಕ್ಕ ಅನ್ವಯಿಸುವುದಿಲ್ಲ. ದೀರ್ಘ ತುಳಿತದಲ್ಲಿ ಅವರಿಗಿರುವ ಮುಖ್ಯ ಭಯ ಸಕ್ಕರೆ ಏರುವುದಲ್ಲ, ಪಾತಾಳಕ್ಕೆ ಇಳಿಯುವುದು. ಅದೂ ರಾತ್ರಿ ಮಲಗಿದ ಮೇಲೆ ಇಳಿಯಬಹುದು. ಅಂಥವರು ತಮ್ಮ ವೈದ್ಯರೊಂದಿಗೆ ಮದ್ದಿನ ಪ್ರಮಾಣ ಮಾತಾಡಿಯೇ ಹೊರಡಬೇಕು.

ಹಲ್ಲಿನ ವಿಷಯ ಯಾರೂ ಕೇಳುವುದಿಲ್ಲ. ಹದಿನೈದು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ಸಕ್ಕರೆ, ನಡುನಡುವೆ ಆಮ್ಲದ ಕೋಲಾ, ಒಣಗಿದ ಬಾಯಿ: ಹುಳುಕಿಗೆ ಇದಕ್ಕಿಂತ ಸುಗ್ಗಿ ಬೇಕೇ? ಪ್ರತಿ ತುತ್ತಿನ ನಂತರ ಒಂದು ಗುಟುಕು ಸಾದಾ ನೀರಿನಿಂದ ಬಾಯಿ ಮುಕ್ಕಳಿಸಿ ನುಂಗಿ. ಅದಕ್ಕೇ ಎರಡು ಬಾಟಲಿಗಳಲ್ಲಿ ಒಂದು ಯಾವಾಗಲೂ ಬರೀ ನೀರಿನದಾಗಿರಲಿ. ಮುಗಿಸಿದ ಕೂಡಲೇ ಬ್ರಷ್ ತಿಕ್ಕಬೇಡಿ. ಆಮ್ಲಕ್ಕೆ ಮೆತ್ತಗಾದ ಎನಾಮೆಲ್ ಸವೆಯುತ್ತದೆ, ಅರ್ಧ ಗಂಟೆ ಬಿಡಿ.

ಮೈಸೂರು ಪಾಕಿನ ಮಾತು ಬಾಕಿ ಉಳಿಯಿತು. ನಾನು ಪೂರ್ತಿ ನಿಷೇಧಿಸಿದೆ ಎಂದು ಬೇಸರಿಸಬೇಡಿ. ಎರಡು ತುಂಡು ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಟ್ಟುಬಿಡಿ. ಕೊನೆಯ ನಿಲ್ದಾಣದಲ್ಲಿ ಬ್ರೆವೆ ಕಾರ್ಡಿಗೆ ಮೊಹರು ಬಿದ್ದ ಮೇಲೆ ಒಂದು ನಿಮಗೆ, ಇನ್ನೊಂದು ಅವರಿಗೆ.